ರಿಪೋರ್ಟ್ ನಾರ್ಮಲ್, ಪಾದ ಮಾತ್ರ ಉರಿ

ಪ್ರಶ್ನೆ: ಮೂಡಿಗೆರೆ ಹತ್ತಿರದ ಹಳ್ಳಿ ನಮ್ಮದು. ನನಗೆ 47 ವರ್ಷ. ಹತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್, ಜೊತೆಗೆ ಬಿಪಿ, ಥೈರಾಯ್ಡ್, ಗ್ಯಾಸ್ ಮಾತ್ರೆಗಳು. ಒಂದು ವರ್ಷದಿಂದ ಪಾದ ಉರಿ, ಸುಸ್ತು, ಎದ್ದು ನಿಂತರೆ ತಲೆಸುತ್ತು. ಚಿಕ್ಕಮಗಳೂರು, ಹಾಸನ ಎಲ್ಲ ಕಡೆ ತೋರಿಸಿದೆ. 'ನಾರ್ಮಲ್' ಅಂತಾರೆ. ನಮ್ಮ ಯಜಮಾನರು 'ಎಲ್ಲ ನಿನ್ನ ಮನಸ್ಸಿಂದು' ಅಂತಾರೆ. ನನಗೂ ಹಾಗೇ ಅನ್ನಿಸತೊಡಗಿದೆ.

ಉತ್ತರ: ನಿಮ್ಮ ಮೈ ಹೇಳುತ್ತಿರುವುದನ್ನು ನೀವೇ ನಂಬದಿದ್ದರೆ ಹೇಗೆ? ನಾರ್ಮಲ್ ಅಂದರೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತಷ್ಟೇ ಅರ್ಥ. ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದ್ದೀರಾ? ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಮೈಯಲ್ಲಿ ಬಿ12 ಇಳಿಯಬಹುದು, ಗ್ಯಾಸ್ ಮಾತ್ರೆಯೂ ಸೇರಿದರೆ ಇನ್ನಷ್ಟು. ಪಾದ ಉರಿ, ಜೋಮು, ಸುಸ್ತು ಅದರಿಂದಲೂ ಬರುತ್ತವೆ, ಹಿಮೋಗ್ಲೋಬಿನ್ ಸರಿಯಿದ್ದರೂ. ಶುಗರ್‌ನಿಂದಲೇ ನರ ಸೋತಿರಬಹುದು, ಎರಡೂ ಇರಬಹುದು. ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ರಿಪೋರ್ಟ್‌ನಲ್ಲಿ ಅಂಕಿ ಏರಿ ಕೊರತೆ ಮುಚ್ಚಿಹೋಗುತ್ತದೆ.

ತಲೆಸುತ್ತಿಗೆ ಕುರ್ಚಿಯಲ್ಲಿ ಕೂರಿಸಿ ನೋಡಿದ ಬಿಪಿ ಸಾಲದು. ಐದು ನಿಮಿಷ ಮಲಗಿ ಒಮ್ಮೆ ನೋಡಿಸಿ. ಎದ್ದು ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿಸಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಯಾರಾದರೂ ಇರಲಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಬರೆದು ತೋರಿಸಿ. ಬಿಪಿ ಮಾತ್ರೆ ಹೆಚ್ಚಾಗಿರಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿ ಜೊತೆ ನುಂಗುತ್ತಿದ್ದೀರಾ? ನಮ್ಮ ಕಡೆ ಎದ್ದ ಕೂಡಲೇ ಕಾಫಿ ಆಗಬೇಕು, ಎಡವಟ್ಟು ಆಗುವುದೇ ಅಲ್ಲಿ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ಹೀಗೆ ಬದಲಿಸಿದ 6ರಿಂದ 8 ವಾರದ ಮೇಲೆ ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿಸಿ.

ಇವತ್ತೇ ಮಾಡಬೇಕಾದ್ದು ಒಂದಿದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಹಾಸಿಗೆ ಮೇಲೆ ಸುರಿಯಿರಿ. ದಪ್ಪಕ್ಷರದ ಬ್ರಾಂಡ್ ಹೆಸರು ಬಿಟ್ಟು ಅದರ ಜೊತೆಗಿರುವ ಸಣ್ಣಕ್ಷರದ ಔಷಧದ ಹೆಸರು ಓದಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೇರೆ ಬೇರೆ ಡಾಕ್ಟರು ಬರೆದ ಎರಡು ಬಣ್ಣದ ಸ್ಟ್ರಿಪ್‌ನಲ್ಲಿ ಒಂದೇ ಗ್ಯಾಸ್ ಔಷಧ ಪ್ಯಾಂಟೊಪ್ರಜೋಲ್ ಇರುವುದುಂಟು. ಮೆಡಿಕಲ್‌ನವರು ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರೇ ಹೋಗಿದ್ದರೆ ಹಾಳೆಗೆ ಅಂಟಿಸಿ, ಕೇಳಿ ಬರೆಸಿಕೊಳ್ಳಿ. ಕಷಾಯ, ಮಂಡಿನೋವಿನ ಮಾತ್ರೆಯನ್ನೂ ಸೇರಿಸಿ. ಕೆಲವು ನೋವಿನ ಮಾತ್ರೆಗಳು ಬಿಪಿ ಏರಿಸಬಹುದು, ಕಿಡ್ನಿಗೂ ಹೊರೆ.

ಆ ಹಾಳೆ ಹಿಡಿದು ಫಿಸಿಷಿಯನ್ ಒಬ್ಬರನ್ನೇ ಹಿಡಿದುಕೊಳ್ಳಿ. ಮೂರು ಕಡೆ ಮೂರು ಚೀಟಿ ಆದರೆ ಒಟ್ಟು ಚಿತ್ರ ಯಾರ ಕೈಗೂ ಸಿಗುವುದಿಲ್ಲ. ಕಾರಣ ಆಗಲೂ ಸಿಗದಿದ್ದರೆ, 'ಯಾವುದರ ಮೇಲೆ ಕಣ್ಣಿಡಬೇಕು, ಮತ್ತೆ ಯಾವಾಗ ಬರಲಿ?' ಎಂದು ಕೇಳದೆ ಎದ್ದು ಬರಬೇಡಿ. ಎದೆನೋವು, ಏದುಸಿರು, ಕಪ್ಪು ಮಲ, ಒಂದು ಕಡೆ ಕೈಕಾಲು ಸೋಲು ಕಂಡರೆ ಕಾಯದೆ 108ಕ್ಕೆ ಫೋನ್ ಮಾಡಿ.

ವರ್ಷವಿಡೀ ನರಳಿದರೆ ಮನಸ್ಸೂ ಕುಗ್ಗುತ್ತದೆ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಅದು ಈ ಪರೀಕ್ಷೆಗಳ ಜೊತೆಗೆ ಆಗಬೇಕಾದ್ದು, ಅವುಗಳ ಬದಲಿಗೆ ಅಲ್ಲ. ಮುಂದಿನ ಸಲ ಯಜಮಾನರನ್ನೂ ಒಳಗೆ ಕರೆದುಕೊಂಡು ಹೋಗಿ. ನಿಂತಾಗಿನ ಬಿಪಿಯನ್ನು ಅವರ ಕೈಯಲ್ಲೇ ಬರೆಸಿ.