ಆನೆಮರಿ ಹಾಲು ಕುಡಿಯುವುದು ಎಲ್ಲಿಂದ?

ಮೈಸೂರಿನ ನಿಮ್ಮ ಬಡಾವಣೆಯ ಬೇಸಿಗೆ ಶಿಬಿರದಲ್ಲಿ ಆರೇಳು ವರ್ಷದ ಮಕ್ಕಳಿಗೆ ಸಸ್ತನಿಗಳ ಬಗ್ಗೆ, ಬಣ್ಣ ತುಂಬಿಸುವುದನ್ನು ಬಿಟ್ಟು, ಬೇರೆ ಏನು ಮಾಡಿಸಬಹುದು ಎಂದು ಕೇಳಿದ್ದೀರಿ. ನಾನು ಚಿತ್ರಕಲೆ ಮೇಷ್ಟ್ರು, ವಿಜ್ಞಾನದವನಲ್ಲ. ಆದರೂ ಇದರಲ್ಲಿ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ, ಅದರಿಂದಲೇ ಹೇಳುತ್ತೇನೆ.

ಮೊದಲು ಖಾಲಿ ಹಾಳೆ ಕೊಟ್ಟು, ‘ತಾಯಿಯ ಹಾಲು ಕುಡಿಯುತ್ತಿರುವ ಮರಿಯನ್ನು ಬರೆಯಿರಿ’ ಎನ್ನಿ. ತಪ್ಪು ಬರೆದರೆ ತಿದ್ದಬೇಡಿ.

ದಸರಾ ಸಮಯದಲ್ಲಿ ಅರಮನೆ ಆವರಣದಲ್ಲಿ ಮಾವುತರ, ಕಾವಾಡಿಗಳ ಮಕ್ಕಳಿಗಾಗಿ ತಾತ್ಕಾಲಿಕ ಶಾಲೆ ನಡೆಯುತ್ತದೆ. ಒಂದು ವರ್ಷ ಅಲ್ಲಿಗೆ ಚಿತ್ರ ಹೇಳಿಕೊಡಲು ಹೋಗಿದ್ದೆ. ಹುಮ್ಮಸ್ಸಿನಲ್ಲಿ ಬೋರ್ಡಿನ ಮೇಲೆ ತಾಯಿಯಾನೆ ಬರೆದು, ಹಸುವಿಗಿರುವಂತೆ ಹಿಂಗಾಲುಗಳ ನಡುವೆ ಕೆಚ್ಚಲು ಇಳಿಬಿಟ್ಟು, ಮರಿಯ ಸೊಂಡಿಲನ್ನು ಅದಕ್ಕೆ ತಾಗಿಸಿದೆ. ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎದ್ದು ಬಂದು ಅಂಗೈಯಿಂದಲೇ ಕೆಚ್ಚಲನ್ನು ಒರೆಸಿ, ಮುಂಗಾಲುಗಳ ನಡುವೆ ಎರಡು ಗೀಟು ಎಳೆದಳು. ಆಮೇಲೆ ಮರಿಯ ಸೊಂಡಿಲನ್ನೂ ಒರೆಸಿ ಹಣೆಯ ಕಡೆಗೆ ಮಡಿಸಿ ಬರೆದಳು. ‘ಬಾಯಲ್ಲಿ ಕುಡಿಯುತ್ತದೆ ಸಾರ್!’ ಅವಳು ಹೇಳಿದ್ದೇ ಸರಿ. ಆನೆಗೆ ಮನುಷ್ಯರಂತೆ ಎದೆಯ ಭಾಗದಲ್ಲಿ ಎರಡೇ ಮೊಲೆ. ಅಷ್ಟು ವರ್ಷ ಆನೆ ಬರೆಯುತ್ತಲೇ ಇದ್ದ ನಾನು ಅದನ್ನು ನೋಡಿಯೇ ಇರಲಿಲ್ಲ.

‘ಸಸ್ತನಿ’ ಎಂಬ ಪದವನ್ನು ಬಿಡಿಸಿ ಹೇಳಲು ಮುಜುಗರ ಪಡಬೇಡಿ. ಮುಜುಗರವೆಲ್ಲ ದೊಡ್ಡವರದು. ಹತ್ತಿರದಲ್ಲಿ ಹಸು ಸಾಕಿದವರ ಮನೆಗೆ ಹಾಲು ಕರೆಯುವ ಹೊತ್ತಿಗೆ ಕರೆದೊಯ್ದು ತೊಟ್ಟು ಎಣಿಸಲು ಹೇಳಿ: ಹಸುವಿಗೆ ನಾಲ್ಕು, ಮೇಕೆಗೆ ಎರಡು. ಮರಿ ಹಾಕುವುದೆಲ್ಲ ಸಸ್ತನಿ ಎಂದು ಮಾತ್ರ ಹೇಳಿಕೊಡಬೇಡಿ. ಮಂಡ್ಯದ ಕಡೆಯ ಹೊಲಗದ್ದೆಗಳ ಕೊಳಕುಮಂಡಲ ಹಾವೂ ಮರಿಯನ್ನೇ ಹಾಕುತ್ತದೆ. ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಟ್ಟರೂ ಮರಿಗೆ ಹಾಲೂಡಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಡೆಯ ಬಾವಲಿ. ಮುರಿದ ಕಪ್ಪು ಕೊಡೆಯೊಂದನ್ನು ಹುಡುಕಿ, ಬಟ್ಟೆ ಕತ್ತರಿಸಿಡಿ. ಮಗು ತನ್ನ ಅಂಗೈಯನ್ನು ದೊಡ್ಡ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆಯಲಿ. ಹೆಬ್ಬೆರಳನ್ನು ಹಾಗೆಯೇ ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಮೊಳದುದ್ದಕ್ಕೆ ಬೆಳೆಸಿ, ಅವುಗಳ ಮೇಲೆ ಕೊಡೆಬಟ್ಟೆ ಅಂಟಿಸಲಿ. ಬಾವಲಿಯ ರೆಕ್ಕೆ ಎಂದರೆ ಇಷ್ಟೇ, ಕೈಬೆರಳುಗಳ ನಡುವೆ ಚಾಚಿದ ತೊಗಲು. ಹೊರಗುಳಿದ ಹೆಬ್ಬೆರಳು ಕೊಕ್ಕೆಯಂಥ ಉಗುರಾಗುತ್ತದೆ. ಇದನ್ನು ಮಾಡಿದ ಮೇಲೆ ರಂಗನತಿಟ್ಟಿಗೆ ಹೋಗಿ. ದೋಣಿಯಿಂದ ಮರದಲ್ಲಿ ತಲೆಕೆಳಗಾಗಿ ನೇತಾಡುವ ಬಾವಲಿಗಳು ಕಾಣುತ್ತವೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಕಾಣುತ್ತದೆ. ಮೊಸಳೆಗೆ ನಾಲ್ಕು ಕಾಲಿದ್ದರೂ ಅದು ಸಸ್ತನಿಯಲ್ಲ, ರೆಕ್ಕೆಯಿದ್ದರೂ ಬಾವಲಿ ಸಸ್ತನಿ. ಈ ಜಗಳವನ್ನು ಮಕ್ಕಳೇ ದೋಣಿಯಲ್ಲಿ ಶುರು ಮಾಡುತ್ತಾರೆ.

ವಿಜ್ಞಾನದ ಪ್ರಯೋಗ ಬೇಕೆಂದರೆ ಒಂದು ಸಾಕು. ಪ್ಲಾಸ್ಟಿಕ್ ಚೀಲಕ್ಕೆ ವನಸ್ಪತಿ ಹಾಕಿ, ಅದರೊಳಗೆ ಇನ್ನೊಂದು ಚೀಲವಿಟ್ಟು, ಅದರಲ್ಲಿ ಮಗು ಕೈ ತೂರಿಸಲಿ. ಇನ್ನೊಂದು ಕೈಗೆ ಬರೀ ಎರಡು ಚೀಲ. ಎರಡನ್ನೂ ಮಂಜುಗಡ್ಡೆಯ ನೀರಿಗೆ ಇಳಿಸಿದರೆ, ತಿಮಿಂಗಿಲ ತಣ್ಣನೆಯ ಕಡಲಲ್ಲಿ ಹೇಗೆ ಬೆಚ್ಚಗಿರುತ್ತದೆ ಎಂಬುದನ್ನು ನೀವು ಹೇಳಬೇಕಾಗಿಲ್ಲ.

ಮೃಗಾಲಯವನ್ನು ಕೊನೆಗಿಡಿ. ಮಂಗಳವಾರ ಬಾಗಿಲು ಹಾಕಿರುತ್ತದೆ, ಅದು ನೆನಪಿರಲಿ. ಮೊದಲ ದಿನ ಬರೆಸಿದ ಹಾಳೆಗಳನ್ನು ಜೊತೆಗೆ ಒಯ್ದು, ಅಲ್ಲಿಯೇ ಅವರವರ ಚಿತ್ರವನ್ನು ಅವರವರ ಕೈಗೆ ಕೊಡಿ. ರಬ್ಬರ್ ಮಾತ್ರ ಮರೆಯಬೇಡಿ, ಎರಡು ಹೆಚ್ಚೇ ಇರಲಿ.