ಅಜ್ಜನ ಆಲೆಮನೆಯಲ್ಲಿ ನಂಬರಿಲ್ಲದ ಹಳೇ ರೇಸ್ ಎಂಜಿನ್ ಸಿಕ್ಕಿದೆ. ಯಾವ ಕಂಪನಿಯದು ಅಂತ ಹೇಗೆ ಪತ್ತೆ ಹಚ್ಚೋದು?

ಒಂದೇ ಸಿಲಿಂಡರು, ಸೈಲೆನ್ಸರಿಗೆ ಎರಡು ಬಾಯಿ, ನಂಬರನ್ನು ಅರ ಹಾಕಿ ಉಜ್ಜಿಬಿಟ್ಟಿದ್ದಾರೆ. ನೀವು ಬರೆದದ್ದು ಓದುತ್ತಿದ್ದರೆ ನಮ್ಮ ದೊಡ್ಡಪ್ಪನ ಎಂಜಿನ್ನೇ ಕಣ್ಣ ಮುಂದೆ ಬಂತು. ಬಫ್ ಹೊಡೆಸಿ ಫೋಟೋ ಹಾಕುತ್ತೇನೆ ಅಂದಿದ್ದೀರಲ್ಲ, ದಯವಿಟ್ಟು ಬೇಡ.

ದೊಡ್ಡಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿದ್ದವರು. ಶಿಫ್ಟ್ ಮುಗಿಸಿ ಬಂದು ಹಿತ್ತಿಲ ಶೆಡ್ಡಿನಲ್ಲಿ ಷೋಲಾವರಂ ರೇಸಿಗೆಂದು ಎಂಜಿನ್ ಕಟ್ಟುತ್ತಿದ್ದರು. ಆಗ ಮದ್ರಾಸಿನ ಹತ್ತಿರದ ಆ ಹಳೇ ವಿಮಾನದ ರನ್‌ವೇ ಮೇಲೆಯೇ ರೇಸ್ ನಡೆಯುತ್ತಿದ್ದದ್ದು. ಅವರು ತೀರಿಕೊಂಡ ಮೇಲೆ ಎಂಜಿನ್ ನಮ್ಮ ಪಾಲಿಗೆ ಬಂತು. ಚೆಕ್ ದೇಶದ ರೇಸಿಂಗ್ ಎಂಜಿನ್ ಇರಬೇಕು ಅಂತ ಯಾರೋ ಆಸೆ ಹುಟ್ಟಿಸಿದರು. ರಿಪೇರಿಗೆ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಬೋರ್ ಹೊಡೆದು (ಸಿಲಿಂಡರಿನ ಒಳಸುತ್ತನ್ನು ಹಿಗ್ಗಿಸಿ), ಹೊಸ ಪಿಸ್ಟನ್ ಕೂರಿಸಿ, ಹಳೇ ಪಿಸ್ಟನ್ನನ್ನು ಗುಜರಿಗೆ ಹಾಕಿದರು.

ಒಂದು ಪಿಸ್ಟನ್ ಹೋದರೆ ಏನಾಯಿತು ಅನ್ನಬೇಡಿ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ, ಪಿಸ್ಟನ್ನೇ ವಾಲ್ವ್. ಅದರ ಮೇಲಂಚು ಹೊಗೆ ಹೋಗುವ ಕಿಂಡಿ ಎಕ್ಸಾಸ್ಟನ್ನೂ, ಹೊಸ ಮಿಶ್ರಣ ಕೆಳಗಿನಿಂದ ಮೇಲೆ ಬರುವ ಕಿಂಡಿ ಟ್ರಾನ್ಸ್‌ಫರನ್ನೂ ತೆರೆದು ಮುಚ್ಚುತ್ತದೆ. ಸ್ಕರ್ಟ್, ಅಂದರೆ ಪಿಸ್ಟನ್ನಿನ ಕೆಳಭಾಗ, ಕಾರ್ಬುರೇಟರಿನಿಂದ ಮಿಶ್ರಣ ಒಳಬರುವ ಕಿಂಡಿ ಇನ್‌ಲೆಟ್ ನೋಡಿಕೊಳ್ಳುತ್ತದೆ. ಕಾರ್ಬುರೇಟರ್ ಕಡೆ ಸ್ಕರ್ಟನ್ನು ಕೆಲವೇ ಮಿಲಿಮೀಟರ್ ಕತ್ತರಿಸಿದರೂ ಇನ್‌ಲೆಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಆಗ ಗಾಡಿ ಮೇಲಿನ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಕೆಳಗೆ ಸೊರಗುತ್ತದೆ. ಎಂಜಿನ್ ಬಿಚ್ಚಿದ ದಿನ ತೆಗೆದ ಮಸುಕು ಫೋಟೋ ಒಂದು ನನ್ನ ಹತ್ತಿರ ಇದೆ. ಸ್ಕರ್ಟಿನ ಒಂದು ಬದಿ ಅರ್ಧಚಂದ್ರಾಕಾರಕ್ಕೆ ಕೊಯ್ದಿದ್ದಾರೆ, ಅಂಚಿನಲ್ಲಿ ಅರದ ಗೀರುಗಳು, ಒಳಗೆ ಜೇನಿನ ಬಣ್ಣದ ಅಂಟು. ಅದು ಹರಳೆಣ್ಣೆಯ ಮಡ್ಡಿ. ಪೆಟ್ರೋಲ್ ಬದಲು ಮೆಥನಾಲ್ ಹಾಕಿ ಓಡಿಸುವವರು ಮಾಮೂಲಿ ಎಂಜಿನ್ ಆಯಿಲ್ ಅದರಲ್ಲಿ ಬೆರೆಯುವುದಿಲ್ಲವೆಂದು ಹರಳೆಣ್ಣೆ ಬಳಸುತ್ತಿದ್ದರು. ಎಷ್ಟು ಕೊಯ್ದಿದ್ದರು ಎಂಬ ಲೆಕ್ಕ ಆ ಪಿಸ್ಟನ್ನಿನಲ್ಲಿ ಮಾತ್ರ ಇತ್ತು. ಈಗ ಎಂಜಿನ್ ಓಡುತ್ತದೆ, ಆದರೆ ದೊಡ್ಡಪ್ಪ ಕಟ್ಟಿದ ಎಂಜಿನ್ ಅದಲ್ಲ.

ಸೈಲೆನ್ಸರಿಗೆ ಎರಡು ಬಾಯಿ ಇದ್ದ ಮಾತ್ರಕ್ಕೆ ವಿದೇಶಿ ರೇಸರ್ ಆಗಿಬಿಡುವುದಿಲ್ಲ, ಅದೇ ಮೈಸೂರು ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ ಬೈಕಿಗೂ ಎರಡೇ. ಕಿಕ್ಕರ್, ಗೇರು ಎರಡೂ ಎಡಗಡೆ ಒಂದೇ ಶಾಫ್ಟಿನಲ್ಲಿದ್ದರೆ ಜಾವಾ ವಂಶದ್ದು, ನಮ್ಮ ಕಡೆ ಸಿಕ್ಕಿದ್ದಾದ್ದರಿಂದ ಹೆಚ್ಚಾಗಿ ಯಾದವಗಿರಿಯ ಮಾಲೇ ಅಂತ ಹಿಡಿಯಿರಿ. ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಕೆಳಗೆ ಎಷ್ಟು ಸರಿಯುತ್ತದೆ ಎಂದು ವರ್ನಿಯರ್‌ನಲ್ಲಿ ಅಳೆಯಿರಿ, ಅದೇ ಸ್ಟ್ರೋಕ್. ಬೋರನ್ನು ಯಾರು ಬೇಕಾದರೂ ಹಿಗ್ಗಿಸುತ್ತಾರೆ, ಸ್ಟ್ರೋಕ್ ಬದಲಾಗಬೇಕಾದರೆ ಕ್ರ್ಯಾಂಕನ್ನೇ ಬದಲಿಸಬೇಕು. ಹಾಗಾಗಿ ನಾನು ಮೊದಲು ನಂಬುವುದು ಸ್ಟ್ರೋಕನ್ನು. ಜಾವಾ 250 ಅಂದರೆ 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ನಿಮಗೂ 75 ಬಂದರೆ ಕಂಪನಿಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೆ ಮುಗಿದ ಹಾಗೆ.

ಆದರೆ ಕೇಳಬೇಕಾದ ಪ್ರಶ್ನೆ ಕಂಪನಿಯದಲ್ಲ ಅಂತ ನನ್ನ ಅಭಿಪ್ರಾಯ. ಅಜ್ಜ ಮಂಡ್ಯದ ಮೈಶುಗರ್ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಲೇತಿನ ಮುಂದೆ ಬದುಕು ಸವೆಸಿದವರ ಆಲೆಮನೆಯಲ್ಲಿ ಇಂಥ ಎಂಜಿನ್ ಎಲ್ಲಿಂದಲೋ ಬಂದು ಬಿದ್ದಿರುವುದಿಲ್ಲ. ಅವರ ಜೊತೆ ಕೆಲಸ ಮಾಡಿದವರು ಇನ್ನೂ ಇದ್ದರೆ ಈ ವಾರವೇ ಹೋಗಿ ಮಾತಾಡಿಸಿ, ಹೋಗುವಾಗ ಎಂಜಿನ್ನಿನ ಫೋಟೋ ತೋರಿಸಿ. ಮಾರುವ ಮಾತು ಆಮೇಲೆ. ವಿದೇಶಿ ರೇಸರ್ ಅಂತ ಹೇಳಿ ಮಾರುವುದಂತೂ ಕೂಡದು.

ಅಲ್ಲಿಯವರೆಗೆ ಮಸಿ, ಮಡ್ಡಿ ಯಾವುದನ್ನೂ ತೊಳೆಯಬೇಡಿ. ಪಿಸ್ಟನ್ ಹೊರಗೆ ಬಂದರೆ, ಅದನ್ನು ರಾಡಿಗೆ ಸೇರಿಸುವ ಪಿನ್ನಿನ ನಡುವಿನಿಂದ ಸ್ಕರ್ಟಿನ ಅಂಚಿನವರೆಗೆ, ಕಾರ್ಬುರೇಟರ್ ಕಡೆ ಎಷ್ಟು, ಸೈಲೆನ್ಸರ್ ಕಡೆ ಎಷ್ಟು ಅಂತ ಅಳೆದು ಇಲ್ಲಿ ಬರೆಯಿರಿ. ಎರಡಕ್ಕೂ ವ್ಯತ್ಯಾಸ ಇದ್ದರೆ ನಾನೇ ಮಂಡ್ಯಕ್ಕೆ ಬಂದು ನೋಡುತ್ತೇನೆ.