ಅಜ್ಜನ ಮುದ್ರೆ ಉಂಗುರ ಹಾಕ್ಕೋಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ಊರಿನ ಪಟೇಲರಾಗಿದ್ರು. ಮನೆ ಹಂಚು ತೆಗೆಸುವಾಗ ಅಟ್ಟದ ಪೆಟ್ಟಿಗೇಲಿ ಅವರ ಬೆಳ್ಳಿ ಉಂಗುರ ಸಿಕ್ತು, ಮೇಲೆ ಕನ್ನಡ ಅಕ್ಷರ ಇದೆ ಆದ್ರೆ ಉಲ್ಟಾ. ಇದನ್ನ ಹಾಕ್ಕೋಬಹುದಾ, ಯಾವ ಬೆರಳಿಗೆ? ಹೆಸರಿನ ಜೊತೆ ಪಟೇಲ್ ಅಂತ ಸೇರಿಸ್ಬಹುದಾ? ತಮ್ಮ ಬೇರೆ ಆನ್‌ಲೈನಲ್ಲಿ ದುಡ್ಡು ಕಟ್ಟಿ 'ಲಾರ್ಡ್' ಸರ್ಟಿಫಿಕೇಟ್ ತರಿಸ್ತೀನಿ ಅಂತಿದಾನೆ.

ಉತ್ತರ: ಅಕ್ಷರ ಉಲ್ಟಾ ಇದೆ ಅಂದ್ರೆ ಅದು ಬರೀ ಶೋಕಿಗೆ ಮಾಡಿಸಿದ್ದಲ್ಲ, ಒತ್ತೋಕೆ ಅಂತಲೇ ಕೊರೆಸಿದ್ದು. ಮಕ್ಕಳು ಆಡೋ ಕ್ಲೇ ಮೇಲೆ ಮೆಲ್ಲಗೆ ಒತ್ತಿ ನೋಡಿ, ಅಕ್ಷರ ನೆಟ್ಟಗೆ ಉಬ್ಬಿ ಬರತ್ತೆ. ಹಿಂದೆ ಕಾಗದ ಮಡಚಿ ಅದರ ಮೇಲೆ ಬಿಸಿ ಅರಗು ಬಿಟ್ಟು, ಉಂಗುರಾನ ಸ್ವಲ್ಪ ಒದ್ದೆ ಮಾಡಿ ಒತ್ತೋರು, ಉಂಗುರ ಒಣಗಿದ್ರೆ ಅರಗು ಅದಕ್ಕೇ ಅಂಟ್ಕೊಂಡು ಬಂದ್ಬಿಡತ್ತೆ. ಮಸಿ ಹಚ್ಚಿ ಒತ್ತೋದೂ ಇತ್ತು, ಹಾಗಾಗಿ ಗೀರಿನೊಳಗೆ ಕಪ್ಪು ಕಂಡ್ರೆ ದಯವಿಟ್ಟು ಗಾಂಧಿ ಬಜಾರಿಗೆ ತಗೊಂಡೋಗಿ ಪಾಲಿಶ್ ಹೊಡೆಸ್ಬೇಡಿ ಮಾರಾಯ್ರೆ, ಕೊರೆದ ಅಂಚು ಸವೆದು ಹೋದ್ರೆ ಮತ್ತೆ ಬರಲ್ಲ. ಅದೇ ಪೆಟ್ಟಿಗೇಲಿ ಹಳೇ ರಸೀದಿ, ಕಂದಾಯದ ಕಾಗದ, ಉಂಬಳಿ ಜಮೀನಿನ ಪತ್ರ ಇದ್ರೆ ಅದರಲ್ಲಿ ಇದೇ ಗುರುತು ಬಿದ್ದಿದೆಯಾ ನೋಡಿ, ಸಿಕ್ರೆ ಉಂಗುರಕ್ಕಿಂತ ಆ ಕಾಗದಕ್ಕೇ ಬೆಲೆ ಜಾಸ್ತಿ ಅಂತೀನಿ ನಾನು.

ಬೆರಳಿಗೆ ಶಾಸ್ತ್ರ ಏನಿಲ್ಲ. ಇಂಗ್ಲಿಷರಲ್ಲಿ ಎಡಗೈ ಕಿರುಬೆರಳಿಗೆ ಹಾಕೋ ರೂಢಿ, ನಿಮಗೆ ಯಾವುದಕ್ಕೆ ಹಿಡಿಸತ್ತೋ ಅದಕ್ಕೆ ಹಾಕ್ಕೊಳ್ಳಿ.

ಆದ್ರೆ ಒಂದು, ಮುದ್ರೆಯ ಅಧಿಕಾರ ಆಳಿಗಲ್ಲ, ಹುದ್ದೆಗೆ ಸೇರಿದ್ದು. 2013ರಲ್ಲಿ ಪೋಪ್ ಬೆನೆಡಿಕ್ಟ್ ಹುದ್ದೆ ಬಿಟ್ಟಾಗ ಅವರ ಉಂಗುರದ ಮೇಲೆ ಅಡ್ಡಡ್ಡ ಗೀರು ಹಾಕಿ ರದ್ದು ಮಾಡಿದ್ರು, ಇನ್ಯಾರೂ ಅದನ್ನ ಒತ್ತಬಾರದು ಅಂತ. ನಮ್ಮ ಕಡೆ ಹೈದರಾಲಿ ಇನ್ನೂ ಜಾಣ. 1763ರಲ್ಲಿ ಬಿದನೂರು, ಅಂದ್ರೆ ಈಗಿನ ನಗರ, ಹಿಡಿದ ಮೇಲೆ ಕೆಳದಿ ನಾಯಕರ ವರಹದ ಮೇಲಿದ್ದ ಶಿವ ಪಾರ್ವತೀನ ಹಾಗೇ ಉಳಿಸ್ಕೊಂಡು ಹಿಂದುಗಡೆ ಮಾತ್ರ ತನ್ನ ಹೆಸರಿನ ಮೊದಲಕ್ಷರ ಹಾಕಿಸ್ದ. ಜನಕ್ಕೆ ನಂಬಿಕೆ ಇದ್ದ ನಾಣ್ಯ ಕೆಡಿಸ್ಲಿಲ್ಲ, ಅಧಿಕಾರ ಯಾರದ್ದು ಅಂತಾನೂ ಹೇಳ್ದ.

ನಿಮ್ಮ ಅಜ್ಜಂದೂ ಅಷ್ಟೇ. ಅಪ್ಪನಿಂದ ಮಗನಿಗೆ ಬರ್ತಿದ್ದ ಪಟೇಲಿಕೆ, ಶಾನುಭೋಗಿಕೆ ಎಲ್ಲ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಹೋಯ್ತು. ಹಾಗಾಗಿ ಪಟೇಲ್ ಅಂತ ಸೇರಿಸ್ಕೊಳ್ಳಿ, ಯಾರೂ ಕೇಳಲ್ಲ, ಆದ್ರೆ ಅದು ಮನೆತನದ ಹೆಸರು ಅಷ್ಟೇ, ಪದವಿ ಅಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್, ಪಹಣಿ ಎಲ್ಲದ್ರಲ್ಲೂ ಹೆಸರು ಒಂದೇ ಥರ ಇರ್ಲಿ, ಇಲ್ಲಾಂದ್ರೆ ಆಮೇಲೆ ತಾಲ್ಲೂಕು ಆಫೀಸಿಗೆ ಅಲೆಯೋದು ನೀವೇ.

ತಮ್ಮಂಗೆ ಹೇಳಿ ದುಡ್ಡು ಉಳಿಸ್ಕೊಳ್ಳೋಕೆ. ಇಂಥ ಸರ್ಟಿಫಿಕೇಟ್ ಮಾರೋರು ಹೇಳೋ ಹಾಗೆ ಸ್ಕಾಟ್ಲೆಂಡಲ್ಲಿ ಅಂಗೈ ಅಗಲ ಜಾಗ ತಗೊಂಡ್ರೆ ಯಾರೂ ಲಾರ್ಡ್ ಆಗಲ್ಲ. ರಾಜರೂ ಬಿರುದು ಮಾರಿದ್ದುಂಟು ಬಿಡಿ, 1611ರಲ್ಲಿ ಇಂಗ್ಲೆಂಡಿನ ಜೇಮ್ಸ್ ದೊರೆ ಬ್ಯಾರೊನೆಟ್ ಅಂತ ಹೊಸ ವಂಶಪಾರಂಪರ್ಯದ ಪದವಿ ಮಾಡಿ 1,095 ಪೌಂಡ್ ವಸೂಲಿ ಮಾಡ್ತಿದ್ದ, ಐರ್ಲೆಂಡಲ್ಲಿ ಸೈನಿಕರನ್ನ ಸಾಕೋ ಖರ್ಚಿಗೆ. ಅದಾದ್ರೂ ನಿಜವಾದ ಪದವಿ, ಹಣ ಕೊಟ್ಟವ 'ಸರ್' ಅನ್ನಿಸ್ಕೊಳ್ತಿದ್ದ. ಈಗ ಸಿಗೋದು ಬರೀ ಚಂದದ ಕಾಗದ. ನಿಜವಾಗ್ಲೂ ಬ್ರಿಟನ್ ಸರ್ಕಾರವೇ ಬಿರುದು ಕೊಟ್ರೂ ನಮ್ಮ ಸಂವಿಧಾನದ 18ನೇ ವಿಧಿ ಪ್ರಕಾರ ಭಾರತದ ಪ್ರಜೆ ತಗೊಳ್ಳೋ ಹಾಗಿಲ್ಲ. ಅಡ್ಡಹೆಸರು ಟೈಪ್ ಮಾಡಿದ್ರೆ ಮನೆತನದ ಲಾಂಛನ ಕೊಡ್ತೀವಿ ಅನ್ನೋದೂ ಇಂಥದ್ದೇ, ಇಂಗ್ಲೆಂಡಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಕೊಟ್ಟು ಅವನ ವಂಶದಲ್ಲಿ ಇಳಿದು ಬರೋದು, ಅದೇ ಅಡ್ಡಹೆಸರು ಇರೋ ಎಲ್ಲರದ್ದೂ ಅಲ್ಲ.

ಅವನಿಗೆ ಉಂಗುರದ ಆಸೆ ಇದ್ರೆ ತನ್ನ ಹೆಸರಿನ ಅಕ್ಷರದ್ದೇ ಒಂದು ಮಾಡಿಸ್ಕೊಳ್ಳಿ. ಉಲ್ಟಾ ಕೊರೀಬೇಕು ಅಂತ ಅಕ್ಕಸಾಲಿಗರಿಗೆ ಬಾಯಲ್ಲಿ ಹೇಳಿದ್ರೆ ಸಾಲದು, ಕಾಗದದ ಮೇಲೆ ಬರೆದು ಕನ್ನಡಿಗೆ ಹಿಡಿದು ತೋರಿಸ್ಲಿ.